ಕತ್ತಲಲ್ಲಿ ಬ್ರೌನ್ ಟ್ರೌಟ್: ಔ ಸಾಬಲ್ ಹೊಳೆಯ ರಾತ್ರಿ ಫ್ಲೈ ಫಿಶಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಗ್ರೇಲಿಂಗ್ ಊರಿನ ಆಸುಪಾಸು ಹರಿಯುವ ಔ ಸಾಬಲ್ ಹೊಳೆಯಲ್ಲಿ ರಾತ್ರಿ ಹೊತ್ತು ಫ್ಲೈಯಿಂದ, ಅಂದರೆ ಹುಳುವಿನಂತೆ ಕಾಣುವ ಹಾಗೆ ಕಟ್ಟಿದ ಗಾಳದಿಂದ, ಟ್ರೌಟ್ ಎಂಬ ತಣ್ಣೀರಿನ ಮೀನು ಹಿಡಿಯುವವರಿಗಾಗಿ ಈ ಪುಟ. ಡೆಟ್ರಾಯಿಟ್ ಸುತ್ತಮುತ್ತ ಇರುವ ಕನ್ನಡಿಗರಿಗೆ ಅದು ಐ-75 ಹೆದ್ದಾರಿಯಲ್ಲಿ ಸುಮಾರು ಮೂರು ಗಂಟೆಯ ದಾರಿ. ಹಗಲಿನಲ್ಲಿ ಫ್ಲೈ ರಾಡ್ ಬೀಸಿ ಅಭ್ಯಾಸವಿದೆ, ಎರಡು ಮೂರು ಗಂಟು ಹಾಕಲು ಬರುತ್ತದೆ ಎಂದುಕೊಂಡು ಉತ್ತರ ಬರೆದಿದ್ದೇವೆ. ಅದಿನ್ನೂ ಬಾರದಿದ್ದರೆ ಮೊದಲು ಒಂದು ಬೇಸಿಗೆ ಹಗಲಲ್ಲೇ ಕಲಿಯಿರಿ.

ಹಗಲು ಬಿಟ್ಟು ರಾತ್ರಿಯೇ ಯಾಕೆ?

ದೊಡ್ಡ ಬ್ರೌನ್ ಟ್ರೌಟ್ ಹಗಲಲ್ಲಿ ಹೊರಗೆ ಬರುವುದು ಅಪರೂಪ. ಬಿದ್ದ ಮರದ ಕೆಳಗೆ, ದಡ ಕೊರೆದ ಪೊಟರೆಯಲ್ಲಿ ಅಲುಗಾಡದೆ ನಿಂತಿರುತ್ತದೆ. ಔ ಸಾಬಲ್‌ನ ದಕ್ಷಿಣ ಶಾಖೆಯಲ್ಲಿ ದೊಡ್ಡ ಬ್ರೌನ್ ಟ್ರೌಟ್‌ಗಳಿಗೆ ರೇಡಿಯೋ ಟ್ರಾನ್ಸ್‌ಮಿಟರ್ ಕೂರಿಸಿ ಹಿಂಬಾಲಿಸಿದ ಅಧ್ಯಯನವೊಂದು 1990ರಲ್ಲಿ ಪ್ರಕಟವಾಯಿತು. ಕತ್ತಲಾದ ಮೇಲೆ ಅವು ಅಡಗುತಾಣ ಬಿಟ್ಟು ಹೊರಟು ಬೇಟೆಯಾಡುತ್ತವೆ ಎಂಬುದು ಅದರಲ್ಲಿ ಸ್ಪಷ್ಟವಾಯಿತು. ಹಗಲಲ್ಲಿ ಹತ್ತಿಂಚಿನ ಮೀನುಗಳೇ ಸಿಗುವ ಜಾಗದಲ್ಲಿ ರಾತ್ರಿ ಇಪ್ಪತ್ತಿಂಚಿನ ಮೀನು ಮೊಣಕಾಲುದ್ದ ನೀರಿಗೆ ಬಂದು ಮೇಯುತ್ತಿರುತ್ತದೆ.

ಇವು ಆ ಹೊಳೆಯ ಮೂಲ ಮೀನುಗಳೇ?

ಅಲ್ಲ. ಬ್ರೌನ್ ಟ್ರೌಟ್ ಯೂರೋಪಿನದು. ಜರ್ಮನಿಯಿಂದ ತಂದ ಮೊಟ್ಟೆಗಳಿಂದ ಮಾಡಿದ ಮರಿಗಳನ್ನು 1884ರಲ್ಲಿ ಮಿಶಿಗನ್‌ನ ಪಿಯರ್ ಮಾರ್ಕೆಟ್ ಹೊಳೆಯ ಒಂದು ಉಪಹೊಳೆಗೆ ಬಿಟ್ಟರು. ಔ ಸಾಬಲ್‌ನಲ್ಲಿ ಮೊದಲು ಇದ್ದದ್ದು ಗ್ರೇಲಿಂಗ್ ಎಂಬ ಮೀನು. ಊರಿಗೆ ಹೆಸರು ಕೊಟ್ಟ ಆ ಮೀನು ಈಗ ಅಲ್ಲಿಲ್ಲ.

‘ಹೆಕ್ಸ್’ ಎಂದು ಎಲ್ಲರೂ ಹೇಳುತ್ತಾರಲ್ಲ, ಏನದು?

ಹೆಕ್ಸಜೀನಿಯಾ ಲಿಂಬಾಟಾ ಎಂಬ ದೊಡ್ಡ ಮೇಫ್ಲೈ, ನೀರಿನಲ್ಲಿ ಬೆಳೆದು ರೆಕ್ಕೆ ಬಂದ ಮೇಲೆ ಹಾರುವ ಹುಳು. ಬಾಲದ ಎಳೆಗಳನ್ನು ಬಿಟ್ಟು ಮೈಯೇ ಒಂದರಿಂದ ಒಂದೂಕಾಲು ಇಂಚು. ಇದರ ಮರಿಗಳು ನಿಧಾನ ನೀರಿನ ತಳದ ಕೆಸರಿನಲ್ಲಿ ‘ಯು’ ಆಕಾರದ ಬಿಲ ತೋಡಿಕೊಂಡು ಒಂದೆರಡು ವರ್ಷ ಬದುಕುತ್ತವೆ. ಜೂನ್ ನಡುವಿನಿಂದ ಜುಲೈ ಮೊದಲ ವಾರಗಳವರೆಗೆ, ಸಂಜೆ ಮುಗಿದು ಕತ್ತಲು ಕವಿಯುವಾಗ ಮೇಲಕ್ಕೆ ಈಜಿ ಬಂದು, ನೀರ ಮೇಲೆಯೇ ಪೊರೆ ಕಳಚಿ ಹಾರುತ್ತವೆ. ನಮ್ಮೂರಲ್ಲಿ ಮೊದಲ ಮಳೆ ಬಿದ್ದ ಸಂಜೆ ಬೀದಿದೀಪಕ್ಕೆ ಮುತ್ತುವ ಮಳೆಹುಳುಗಳ ಹಾಗೆ ಗುಂಪುಗುಂಪಾಗಿ ಏಳುತ್ತವೆ. ಹಾರಿದ್ದು ಮರಗಿಡಗಳಲ್ಲಿ ಕೂತು, ಒಂದೆರಡು ದಿನದಲ್ಲಿ ಮತ್ತೊಮ್ಮೆ ಪೊರೆ ಕಳಚುತ್ತದೆ. ಆಗ ರೆಕ್ಕೆ ಗಾಜಿನಂತೆ ತಿಳಿಯಾಗುತ್ತದೆ. ಈ ಹಂತದ ಹುಳುವಿಗೆ ಸ್ಪಿನ್ನರ್ ಎಂದು ಹೆಸರು. ಸ್ಪಿನ್ನರ್‌ಗಳು ಹೊಳೆಯ ಮೇಲೆ ಕೂಡಿ, ಮೊಟ್ಟೆಯಿಟ್ಟು, ರೆಕ್ಕೆ ಚಾಚಿಕೊಂಡು ನೀರಿಗೆ ಬಿದ್ದು ಸಾಯುತ್ತವೆ.

ಒಂದೇ ರಾತ್ರಿ ಎರಡೂ ನಡೆಯಬಹುದು: ಮೊದಲು ಸ್ಪಿನ್ನರ್ ಬೀಳುವುದು, ಆಮೇಲೆ ಹೊಸ ಹುಳು ಏಳುವುದು. ಒಂದು ಮಾತ್ರ ನಡೆಯಬಹುದು. ಏನೂ ನಡೆಯದೆಯೂ ಹೋಗಬಹುದು. ಸೆಖೆಯಿದ್ದು ಗಾಳಿ ಬೀಸದ, ಮೋಡ ಮುಚ್ಚಿದ ಸಂಜೆ ಒಳ್ಳೆಯ ಸೂಚನೆ. ಸಂಜೆಯೇ ಚಳಿ ಹಿಡಿದರೆ ಆಸೆ ಕಡಿಮೆ ಮಾಡಿಕೊಳ್ಳಿ. ಹುಳು ಸಾಮಾನ್ಯವಾಗಿ ಹೊಳೆಯ ಕೆಳಭಾಗದಲ್ಲಿ ಮೊದಲು ಶುರುವಾಗಿ, ದಿನ ಕಳೆದಂತೆ ಮೇಲ್ಭಾಗಕ್ಕೆ ಸರಿಯುತ್ತದೆ. ಕಳೆದ ವಾರ ಒಂದು ಕಡೆ ಚೆನ್ನಾಗಿತ್ತೆಂದು ಈ ವಾರವೂ ಅಲ್ಲಿಗೇ ಓಡಬೇಡಿ. ಗ್ರೇಲಿಂಗ್‌ನ ಫ್ಲೈ ಅಂಗಡಿಯಲ್ಲಿ ವಿಚಾರಿಸಿ.

ಎಷ್ಟು ಹೊತ್ತಿಗೆ ಹೊಳೆಗೆ ಇಳಿಯಬೇಕು?

ಜೂನ್ ಕೊನೆಯಲ್ಲಿ ಗ್ರೇಲಿಂಗ್‌ನಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತೂವರೆ ಸುಮಾರಿಗೆ. ಪೂರ್ತಿ ಕತ್ತಲಾಗಲು ಹತ್ತು ದಾಟಬೇಕು. ಆದರೆ ನೀವು ಏಳು ಗಂಟೆಗೇ ಜಾಗದಲ್ಲಿರಬೇಕು. ರಾತ್ರಿಯ ಕೆಲಸದಲ್ಲಿ ಮುಕ್ಕಾಲು ಪಾಲು ಬೆಳಕಿರುವಾಗಲೇ ಮುಗಿಯುವಂಥದ್ದು.

ಬೆಳಕಿರುವಾಗ ಏನು ಮಾಡಬೇಕು?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ನೂರು ಅಡಿ ಉದ್ದದ ಒಂದು ತುಣುಕನ್ನು ಆರಿಸಿಕೊಳ್ಳಿ, ಅಷ್ಟೇ ಸಾಕು. ಇಡೀ ಹೊಳೆ ಸುತ್ತುವವರಿಗೆ ರಾತ್ರಿ ಏನೂ ಸಿಗುವುದಿಲ್ಲ. ಹೆಕ್ಸ್‌ಗಾದರೆ ನಿಧಾನವಾಗಿ ಹರಿಯುವ ತಿರುವು ಬೇಕು. ಒಳಮಗ್ಗುಲಲ್ಲಿ ಕೆಸರು ಕೂತಿರಬೇಕು, ಆಚೆ ದಡದಲ್ಲಿ ಮರ ಬಿದ್ದಿರಬೇಕು ಅಥವಾ ನೀರು ದಡದ ಅಡಿ ಕೊರೆದಿರಬೇಕು. ನೀವು ನಿಲ್ಲುವ ಕಡೆ ಮಾತ್ರ ಜಲ್ಲಿಯ ಗಟ್ಟಿ ನೆಲ ಇರಲಿ. ಹೆಕ್ಸ್ ಹುಟ್ಟುವ ಕೆಸರೇ ಕಾಲು ಹಿಡಿಯುವ ಕೆಸರು. ಮೊಣಕಾಲುವರೆಗೆ ಹೂತುಹೋದರೆ ಕತ್ತಲಲ್ಲಿ ಬಿಡಿಸಿಕೊಳ್ಳುವುದು ಕಷ್ಟ.

ನೀರಿಗೆ ಇಳಿಯುವ ಜಾಗ, ನಿಲ್ಲುವ ಜಾಗ, ಹತ್ತುವ ಜಾಗ ಈ ಮೂರನ್ನೂ ಕೋಲು ಊರಿ ನಡೆದು ನೋಡಿ. ಕಾರಿನಿಂದ ಹೊಳೆಗೆ ಬರುವ ಕಾಲುದಾರಿಯನ್ನೂ ಹಿಂದಿರುಗಿ ನೋಡಿಕೊಳ್ಳಿ, ವಾಪಸು ಹೋಗುವಾಗ ಅದು ಬೇರೆಯೇ ದಾರಿಯಂತೆ ಕಾಣುತ್ತದೆ. ನಿಂತ ಜಾಗದಿಂದ ಬೆನ್ನ ಹಿಂದೆ, ತಲೆಯ ಮೇಲೆ ಕೊಂಬೆಗಳಿವೆಯೇ ನೋಡಿ. ಆಮೇಲೆ ಮೀನು ಏಳಬಹುದಾದ ಎರಡು ಮೂರು ಜಾಗಗಳಿಗೆ ಫ್ಲೈ ಇಲ್ಲದೆ ಲೈನ್ ಬೀಸಿ ದೂರ ಅಳೆಯಿರಿ. ಮೂವತ್ತಡಿಗಿಂತ ಹೆಚ್ಚು ಬೇಕಾದರೆ ನಿಂತ ಜಾಗ ತಪ್ಪು. ಆಕಾಶಕ್ಕೆ ಎದುರಾಗಿ ಎದ್ದು ಕಾಣುವ ಮರದ ತುದಿಯೊಂದನ್ನು ಗುರುತಿಟ್ಟುಕೊಳ್ಳಿ. ಕತ್ತಲಾದ ಮೇಲೆ ದಿಕ್ಕು ಹೇಳುವುದು ಅದೊಂದೇ.

ಅಮಾವಾಸ್ಯೆ ಒಳ್ಳೆಯದೋ, ಹುಣ್ಣಿಮೆ ಒಳ್ಳೆಯದೋ?

ಇಲಿ ಫ್ಲೈ (ಈಜುವ ಇಲಿಯಂತೆ ಕಟ್ಟಿದ ದೊಡ್ಡ ಫ್ಲೈ) ಬೀಸುವವರಿಗೆ ಅಮಾವಾಸ್ಯೆಯ ಆಸುಪಾಸು. ಬೆಳದಿಂಗಳು ನೀರಿನ ಮೇಲೆ ಬಿದ್ದರೆ ದೊಡ್ಡ ಮೀನು ನೆರಳು ಬಿಟ್ಟು ಬರಲು ಹಿಂಜರಿಯುತ್ತದೆ. ಹುಣ್ಣಿಮೆಯಲ್ಲೇ ಹೋಗಬೇಕಾದರೆ ಚಂದ್ರ ಮೇಲೇರುವ ಮೊದಲಿನ ಹೊತ್ತನ್ನೋ ಮರಗಳ ನೆರಳು ಬಿದ್ದ ದಡವನ್ನೋ ಆರಿಸಿಕೊಳ್ಳಿ. ಹೆಕ್ಸ್‌ಗೆ ಈ ಲೆಕ್ಕ ಅಷ್ಟು ಬಿಗಿಯಲ್ಲ. ಹುಳು ಬಿದ್ದರೆ ಮೀನು ಎದ್ದೇ ಏಳುತ್ತದೆ.

ರಾಡ್, ಲೈನ್, ಲೀಡರ್ ಯಾವುದು?

ಒಂಬತ್ತಡಿಯ 6 ವೇಟ್ ರಾಡ್ (ಅಂಕೆ ಹೆಚ್ಚಿದಷ್ಟೂ ಭಾರದ ಲೈನಿಗೆ), ಅದಕ್ಕೆ ತೇಲುವ ಲೈನ್. ಮುಂಭಾಗ ಭಾರವಾಗಿರುವ ಲೈನ್ ಆದರೆ ಇನ್ನೂ ಒಳ್ಳೆಯದು. ದೊಡ್ಡ ರೆಕ್ಕೆಯ ಫ್ಲೈಯನ್ನು ಹತ್ತಿರಕ್ಕೇ ಎಸೆಯುವಾಗ ಆ ಭಾರ ಬೇಕಾಗುತ್ತದೆ. ಹಗಲಿನ 4 ವೇಟ್ ರಾಡ್ ತರಬೇಡಿ. ಫ್ಲೈ ಮುಂದಕ್ಕೆ ಚಾಚಿಕೊಂಡು ಬೀಳುವುದಿಲ್ಲ. ಮೀನು ಸಿಕ್ಕರೂ ಮರದ ಬೇರಿನಿಂದ ಅದನ್ನು ಆಚೆ ಎಳೆಯುವ ಶಕ್ತಿ ಆ ರಾಡ್‌ಗಿಲ್ಲ.

ಹೆಕ್ಸ್‌ಗೆ ಏಳೂವರೆ ಅಡಿ ಲೀಡರ್ (ಲೈನಿನ ತುದಿಗೆ ಕಟ್ಟುವ ತೆಳು ದಾರ), ತುದಿಯಲ್ಲಿ 1 ಎಕ್ಸ್ ಅಥವಾ 2 ಎಕ್ಸ್ ಟಿಪ್ಪೆಟ್ (ಫ್ಲೈ ಕಟ್ಟುವ ಕೊನೆಯ ತುಂಡು), ಅಂದರೆ 0.25 ಅಥವಾ 0.23 ಮಿ.ಮೀ. ದಪ್ಪ. ಇಲಿ ಫ್ಲೈಗೆ ಆರರಿಂದ ಏಳು ಅಡಿ, 0 ಎಕ್ಸ್ ಅಥವಾ ಅದಕ್ಕಿಂತ ದಪ್ಪ. ರಾತ್ರಿ ಮೀನು ದಾರದ ದಪ್ಪ ನೋಡುವುದಿಲ್ಲ, ತೆಳು ದಾರ ಕಟ್ಟಿ ಮೀನಿನ ಬಾಯಲ್ಲಿ ಗಾಳ ಉಳಿಸಿ ಕಳಿಸುವುದು ಸರಿಯಲ್ಲ.

ಇನ್ನೊಂದು ಸಣ್ಣ ಕೆಲಸ ಮನೆಯಲ್ಲೇ ಮಾಡಿಕೊಳ್ಳಿ. ಫ್ಲೈ ಲೈನಿನ ತುದಿಯಿಂದ ಇಪ್ಪತ್ತೈದು ಅಡಿಗೆ ಒಂದು ತುಂಡು ನೈಲಾನ್ ದಾರದಿಂದ ನೇಲ್ ನಾಟ್ ಎಂಬ ಗಂಟು ಬಿಗಿದು, ಉಳಿದ ದಾರದ ತುದಿಗಳನ್ನು ಗಂಟಿನ ಹತ್ತಿರಕ್ಕೇ ಕತ್ತರಿಸಿ. ಲೈನ್ ಬೆರಳ ಮೇಲೆ ಹಾದುಹೋಗುವಾಗ ಆ ಗಂಟು ತಾಗುತ್ತದೆ, ಎಷ್ಟು ಲೈನ್ ಹೊರಗಿದೆಯೆಂದು ನೋಡದೆಯೇ ತಿಳಿಯುತ್ತದೆ.

ಯಾವ ಫ್ಲೈಗಳು ಬೇಕು?

ಹೆಕ್ಸ್‌ಗೆ 6ನೇ ಅಳತೆಯ ಉದ್ದ ಕಾಲಿನ ಗಾಳದ ಮೇಲೆ ಕಟ್ಟಿದ ಎರಡು ಬಗೆ ಸಾಕು. ರೆಕ್ಕೆ ನಿಂತಿರುವ ಹಳದಿ ಮೈಯದೊಂದು, ರೆಕ್ಕೆ ಚಾಚಿ ಬಿದ್ದಿರುವ ಸ್ಪಿನ್ನರ್ ಒಂದು. ಪ್ರತಿಯೊಂದೂ ಮೂರು ನಾಲ್ಕಾದರೂ ಇರಲಿ. ಬಿಳಿ ರೆಕ್ಕೆ ನಿಮ್ಮ ಕಣ್ಣಿಗಾಗಿ, ಮೀನಿಗಾಗಿ ಅಲ್ಲ. ಮೀನಿಗೆ ಕಾಣುವುದು ಆಕಾಶದ ಎದುರು ಕಪ್ಪು ಆಕೃತಿ. ಇದೇ ಕಾರಣಕ್ಕೆ ಇಲಿ ಫ್ಲೈ ಕಪ್ಪು ಬಣ್ಣದ್ದಾಗಿದ್ದರೆ ಸಾಕು. ಕಣ್ಣು, ಕಿವಿ, ಮೀಸೆಗೆ ದುಡ್ಡು ಕೊಡಬೇಕಿಲ್ಲ. ಎಲ್ಲ ಗಾಳಗಳ ಮುಳ್ಳನ್ನೂ ಇಕ್ಕಳದಿಂದ ಒತ್ತಿ ಮಟ್ಟ ಮಾಡಿ.

ಕಾಣದ ಮೀನಿಗೆ ಫ್ಲೈ ಎಸೆಯುವುದು ಹೇಗೆ?

ಕಿವಿಯಿಂದ. ಟ್ರೌಟ್ ಹುಳು ನುಂಗುವಾಗ ಸದ್ದಾಗುತ್ತದೆ. ಸಣ್ಣ ಮೀನು ನೀರು ಚಿಮ್ಮಿಸಿ ಗದ್ದಲ ಮಾಡುತ್ತದೆ. ದೊಡ್ಡದು ‘ಗುಳಕ್’ ಎಂದು ತಗ್ಗು ದನಿಯಲ್ಲಿ ನುಂಗುತ್ತದೆ. ಮೊದಲ ಸದ್ದಿಗೇ ಎಸೆಯಬೇಡಿ. ಅದೇ ಮೀನು ನಾಲ್ಕೈದು ಸಲ ಏಳುವವರೆಗೆ ಕೇಳುತ್ತಾ ನಿಲ್ಲಿ. ಎರಡು ಸದ್ದಿನ ನಡುವೆ ಮನಸ್ಸಿನಲ್ಲೇ ಎಣಿಸಿ. ತಾಳ ಹಿಡಿದ ಮೀನು ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ, ಅದೇ ಜಾಗದಲ್ಲಿ ಏಳುತ್ತಿರುತ್ತದೆ.

ಈಗ ರಾಡಿನ ತುದಿಯನ್ನು ಸದ್ದಿನತ್ತ ತೋರಿಸಿ ದಿಕ್ಕು ಹಿಡಿಯಿರಿ. ಮೊದಲ ಎಸೆತ ಬೇಕೆಂದೇ ಗಿಡ್ಡವಾಗಿರಲಿ. ಆಮೇಲೆ ಒಂದೊಂದೇ ಅಡಿ ಲೈನ್ ಬಿಡುತ್ತಾ ಹೋಗಿ. ಮೀನಿಗಿಂತ ಎರಡು ಮೂರು ಅಡಿ ಮೇಲ್ಗಡೆ ಫ್ಲೈ ಬಿದ್ದು ತೇಲಿಬರಬೇಕು. ಉದ್ದ ಹೆಚ್ಚಾದರೆ ದಪ್ಪ ಲೈನು ಮೀನಿನ ತಲೆಯ ಮೇಲೇ ಬೀಳುತ್ತದೆ, ಅಲ್ಲಿಗೆ ಆ ಮೀನಿನ ಆಟ ಮುಗಿಯಿತು. ಸರಿಯಾದ ದೂರ ಸಿಕ್ಕಿದ ಮೇಲೆ ರೀಲಿನಿಂದ ಲೈನ್ ಬಿಡುವುದನ್ನು ನಿಲ್ಲಿಸಿ. ಅದೇ ಉದ್ದ, ಅದೇ ಕೈ ವೇಗದಲ್ಲಿ ಬೀಸುತ್ತಿರಿ. ಗಾಳಿಯಲ್ಲಿ ಎರಡಕ್ಕಿಂತ ಹೆಚ್ಚು ಸಲ ಆಡಿಸಬೇಡಿ, ಲೈನ್ ಗಾಳಿಯಲ್ಲಿ ಮಾಡುವ ಬಾಗು (ಲೂಪ್) ಅಗಲವಾಗಿರಲಿ.

ಮೀನು ಕಚ್ಚಿದ್ದು ಹೇಗೆ ತಿಳಿಯುತ್ತದೆ?

ಹೆಕ್ಸ್‌ನಲ್ಲಿ, ನಿಮ್ಮ ಫ್ಲೈ ಇರಬಹುದಾದ ಜಾಗದ ಹತ್ತಿರ ಸದ್ದು ಬಂದರೆ ರಾಡನ್ನು ಸಾವಕಾಶವಾಗಿ ಎತ್ತಿ. ಜಗ್ಗಬೇಡಿ. ಅದು ಪಕ್ಕದ ನಿಜ ಹುಳುವನ್ನು ನುಂಗಿದ್ದಾದರೆ ಫ್ಲೈ ಮೆಲ್ಲಗೆ ಜಾರಿ ಬರುತ್ತದೆ, ಮೀನು ಬೆದರುವುದಿಲ್ಲ. ಇಲಿ ಫ್ಲೈಯಲ್ಲಿ ಇದರ ತದ್ವಿರುದ್ಧ. ಅದನ್ನು ಕೆಳಗೆ ಓದಿ.

ಸುತ್ತ ಮೀನು ಏಳುತ್ತಿವೆ, ನನ್ನದನ್ನು ಮಾತ್ರ ಮುಟ್ಟುತ್ತಿಲ್ಲ. ಯಾಕೆ?

ಹೆಚ್ಚಿನ ಸಲ ದೂರದ ತಪ್ಪು. ಕತ್ತಲಲ್ಲಿ ಸದ್ದು ಇರುವುದಕ್ಕಿಂತ ದೂರದಲ್ಲಿ ಬಂದಂತೆ ಕೇಳುತ್ತದೆ. ಎರಡು ಅಡಿ ಲೈನ್ ಒಳಗೆಳೆದು ಮತ್ತೆ ಎಸೆದು ನೋಡಿ. ಅದಲ್ಲದಿದ್ದರೆ ಫ್ಲೈ ಮುಳುಗಿದೆ. ಒರೆಸಿ ಒಣಗಿಸಿ ತೇಲಿಸುವ ಪುಡಿ ಹಚ್ಚಿ, ಅಥವಾ ಬದಲಿಸಿ. ಅದೂ ಅಲ್ಲದಿದ್ದರೆ ಲೀಡರ್ ಗೋಜಲಾಗಿದೆ, ಇಲ್ಲವೇ ಫ್ಲೈಗೆ ಪಾಚಿ ಸಿಕ್ಕಿದೆ. ಲೈನನ್ನು ಸೆಳವು ಎಳೆದು ಫ್ಲೈ ಗೆರೆ ಎಳೆಯುತ್ತಾ ಬರುತ್ತಿದ್ದರೂ ಮೀನು ಬಿಟ್ಟುಬಿಡುತ್ತದೆ. ಹಾಗಿದ್ದರೆ ನಾಲ್ಕು ಹೆಜ್ಜೆ ಮೇಲಕ್ಕೆ ಸರಿದು ನಿಲ್ಲಿ.

ಇವೆಲ್ಲ ಸರಿಯಿದ್ದೂ ಮುಟ್ಟದಿದ್ದರೆ ಮಾತ್ರ ಫ್ಲೈಯ ಬಗೆ ಯೋಚಿಸಿ. ಬಲೆಯನ್ನು ನೀರಿಗೆ ಅಡ್ಡ ಹಿಡಿದು ಒಂದೆರಡು ಹುಳು ಹಿಡಿಯಿರಿ. ಹೊಳೆಗೆ ಬೆನ್ನು ತಿರುಗಿಸಿ ಕೆಂಪು ದೀಪದಲ್ಲಿ ನೋಡಿ. ರೆಕ್ಕೆ ಗಾಜಿನಂತೆ ಚಪ್ಪಟೆಯಾಗಿ ಬಿದ್ದಿದ್ದರೆ ಸ್ಪಿನ್ನರ್ ಕಟ್ಟಿ. ನಿಂತಿದ್ದರೆ ಇನ್ನೊಂದು.

ಇಲಿ ಫ್ಲೈ ಅಂದರೆ ಟ್ರೌಟ್ ನಿಜವಾಗಿಯೂ ಇಲಿ ತಿನ್ನುತ್ತದೆಯೇ?

ತಿನ್ನುತ್ತದೆ. ಕಪ್ಪೆ, ಸಿಗಡಿಯಂಥ ಕ್ರೇಫಿಶ್, ತನ್ನದೇ ಜಾತಿಯ ಮರಿಗಳನ್ನೂ ತಿನ್ನುತ್ತದೆ. ನೀರ ಮೇಲೆ ಗೆರೆ ಎಳೆಯುತ್ತಾ ಈಜುವ ಯಾವುದೇ ಮಾಂಸದ ತುಂಡು ಅದಕ್ಕೆ ಊಟ. ಪೂರ್ತಿ ಕತ್ತಲಲ್ಲಿ ಕಣ್ಣಿನ ಜೊತೆಗೆ ಮೈಯುದ್ದಕ್ಕೂ ಇರುವ ಪಾರ್ಶ್ವರೇಖೆಯಿಂದಲೂ ನೀರಿನ ಅಲುಗಾಟವನ್ನು ಗ್ರಹಿಸುತ್ತದೆ. ಆದ್ದರಿಂದ ಫ್ಲೈ ನೀರನ್ನು ತಳ್ಳಬೇಕು. ಫೋಮ್ ಅಥವಾ ಜಿಂಕೆ ಕೂದಲಿನಲ್ಲಿ ಕಟ್ಟಿದ 2ರಿಂದ 6ನೇ ಅಳತೆಯವು ಈ ಕೆಲಸ ಮಾಡುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ಇದು ನಡೆಯುತ್ತದೆ. ಹೆಕ್ಸ್ ಮುಗಿದ ಮೇಲೆ ಹೊಳೆಯಲ್ಲಿ ಜನವೂ ಇರುವುದಿಲ್ಲ.

ಆಚೆ ದಡಕ್ಕೆ ಓರೆಯಾಗಿ ಕೆಳಮುಖಕ್ಕೆ ಎಸೆಯಿರಿ. ದಡದಿಂದ ಗೇಣು ದೂರದಲ್ಲಿ ‘ಪಟ್’ ಎಂದು ಬಿದ್ದರೂ ಚಿಂತೆಯಿಲ್ಲ, ಇಲಿ ನೀರಿಗೆ ಬೀಳುವುದೂ ಹಾಗೆಯೇ. ಲೈನ್ ಬಿಗಿಯಾಗಿಟ್ಟುಕೊಂಡು, ಸೆಳವು ಫ್ಲೈಯನ್ನು ಅರ್ಧವೃತ್ತದಲ್ಲಿ ನಿಮ್ಮ ಕಡೆಯ ದಡಕ್ಕೆ ತರಲು ಬಿಡಿ. ರಾಡಿನ ತುದಿ ತಗ್ಗಿರಲಿ. ಸೆಳವು ಸಾಲದಿದ್ದರೆ ಬೆರಳಿನಿಂದ ಎರಡೆರಡು ಇಂಚು ಎಳೆಯುತ್ತಾ ಬನ್ನಿ. ಕೊನೆಗೆ ನಿಮ್ಮ ಕಾಲ ಕೆಳಗಿನ ದಡದಲ್ಲಿ ಕೆಲ ಕ್ಷಣ ಹಾಗೇ ತೂಗಲು ಬಿಡಿ. ಹಿಂಬಾಲಿಸಿ ಬಂದ ಮೀನು ಅಲ್ಲೇ ಹಿಡಿಯುವುದುಂಟು. ಆಮೇಲೆ ಎರಡು ಹೆಜ್ಜೆ ಕೆಳಗಿಳಿದು ಮತ್ತೆ ಅದೇ.

ತಪ್ಪಾಗುವುದು ಸದ್ದು ಕೇಳಿದಾಗ. ಮೀನು ಮೊದಲು ಬಾಲದಿಂದಲೋ ಮೂತಿಯಿಂದಲೋ ಇಲಿಯನ್ನು ಹೊಡೆಯುವುದುಂಟು. ಕತ್ತಲಲ್ಲಿ ಆ ಸಪ್ಪಳಕ್ಕೆ ಕೈ ತಾನಾಗಿ ಮೇಲೇಳುತ್ತದೆ, ಫ್ಲೈ ಮೀನಿನ ಬಾಯಿಗೆ ಹೋಗುವ ಮೊದಲೇ ನಿಮ್ಮ ತಲೆಯ ಹಿಂದಿನ ಮರದಲ್ಲಿರುತ್ತದೆ. ಏನೂ ಆಗಿಲ್ಲವೆಂಬಂತೆ ಇಲಿಯನ್ನು ಈಜಿಸುತ್ತಲೇ ಇರಿ. ಲೈನಿನಲ್ಲಿ ಮೀನಿನ ತೂಕ ಕೈಗೆ ತಾಗಿದ ಮೇಲೆ, ರಾಡ್ ಎತ್ತದೆ, ಎಡಗೈಯಿಂದ ಲೈನನ್ನು ಉದ್ದಕ್ಕೆ ಎಳೆದು ಗಾಳ ಕೂರಿಸಿ. ತಪ್ಪಿದರೆ ಫ್ಲೈ ಇನ್ನೂ ನೀರಿನಲ್ಲೇ ಇರುತ್ತದೆ, ಅದೇ ಮೀನು ಮತ್ತೆ ಬರಬಹುದು.

ದೀಪ ಬಳಸಬಹುದೇ?

ಇರಲೇಬೇಕು, ಎರಡಿರಬೇಕು. ಆದರೆ ನೀರಿನ ಮೇಲೆ ಬೀಳಬಾರದು. ನಮ್ಮ ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು, ಒಂದು ಬಿಳಿ ಬೆಳಕಿನಲ್ಲಿ ಅದೆಲ್ಲ ಹಾಳಾಗುತ್ತದೆ. ಮಂದ ಕೆಂಪು ದೀಪ ಕಡಿಮೆ ತೊಂದರೆ ಕೊಡುತ್ತದೆ. ಗಂಟು ಹಾಕುವಾಗ ದಡದ ಕಡೆ ತಿರುಗಿ ಎದೆಗೆ ಹತ್ತಿರ ಹಿಡಿದು ಹಾಕಿ. ಹೊಳೆ ದಾಟುವಾಗ, ದಡ ಹತ್ತುವಾಗ ಮಾತ್ರ ಬಿಳಿ ದೀಪಕ್ಕೆ ಸಂಕೋಚ ಬೇಡ. ಕಾಲು ಜಾರುವುದಕ್ಕಿಂತ ಒಂದು ಮೀನು ಬೆದರುವುದು ಮೇಲು.

ಲೀಡರ್ ಸಿಕ್ಕಾದರೆ ಏನು ಮಾಡಲಿ?

ಬಿಡಿಸಲು ಕೂರಬೇಡಿ, ಕತ್ತರಿಸಿ. ಮನೆಯಿಂದಲೇ ನಾಲ್ಕು ಲೀಡರ್‌ಗಳಿಗೆ ಫ್ಲೈ ಕಟ್ಟಿ, ಇನ್ನೊಂದು ತುದಿಗೆ ಕುಣಿಕೆ ಹಾಕಿ, ಫೋಮ್ ತುಂಡಿಗೆ ಸುತ್ತಿ ತನ್ನಿ. ಕುಣಿಕೆಯೊಳಗೆ ಕುಣಿಕೆ ಪೋಣಿಸುವುದನ್ನು ಕಣ್ಣು ಮುಚ್ಚಿಕೊಂಡೂ ಮಾಡಬಹುದು. ದೊಡ್ಡ ರೆಕ್ಕೆಯ ಫ್ಲೈ ಗಾಳಿಯಲ್ಲಿ ತಿರುಗಿ ಲೀಡರನ್ನು ಹುರಿಗೊಳಿಸುತ್ತದೆ, ಸಿಕ್ಕಿಗೆ ಮುಖ್ಯ ಕಾರಣ ಇದೇ. ಗಿಡ್ಡ, ದಪ್ಪ ಲೀಡರ್ ಇದನ್ನು ತಡೆಯುತ್ತದೆ. ಹತ್ತು ಹದಿನೈದು ಎಸೆತಕ್ಕೊಮ್ಮೆ ಫ್ಲೈಯನ್ನು ಕೈಗೆ ತಂದು, ಟಿಪ್ಪೆಟ್ ಉದ್ದಕ್ಕೂ ಬೆರಳಾಡಿಸಿ ಗಂಟು ಬಿದ್ದಿದೆಯೇ ನೋಡಿ.

ಅಪಾಯಗಳೇನು?

ಬಿಳಿ ಗಾಜಿನ ಕನ್ನಡಕ ಮತ್ತು ಅಂಚಿರುವ ಟೋಪಿ ಇಲ್ಲದೆ ಬೀಸಬೇಡಿ. ಕಾಣದ ಗಾಳ ಕಣ್ಣಿಗೆ ಬಂದರೆ ಮುಗಿಯಿತು. ವೇಡರ್ಸ್ (ನೀರಿನಲ್ಲಿ ನಡೆಯಲು ಹಾಕುವ, ನೀರು ಒಳಬಿಡದ ಉಡುಪು) ಮೇಲಿನ ಬೆಲ್ಟ್ ಬಿಗಿಯಾಗಿರಲಿ, ಬಿದ್ದರೂ ನೀರು ಒಳಗೆ ತುಂಬುವುದು ನಿಧಾನವಾಗುತ್ತದೆ. ಸೊಂಟದ ಮಟ್ಟಕ್ಕಿಂತ ಆಳಕ್ಕೆ ಹೋಗಬೇಡಿ. ಹಗಲಲ್ಲಿ ನಡೆಯದ ಕಡೆ ರಾತ್ರಿ ನಡೆಯಬೇಡಿ. ಸಾಧ್ಯವಾದರೆ ಇಬ್ಬರು ಹೋಗಿ. ಮೊಬೈಲ್ ಸಿಗ್ನಲ್ ಇಲ್ಲದ ಜಾಗಗಳು ಬಹಳ, ಯಾವ ಸೇತುವೆಯ ಹತ್ತಿರ ಕಾರು ನಿಲ್ಲಿಸುತ್ತೀರಿ, ಎಷ್ಟು ಗಂಟೆಗೆ ಬರುತ್ತೀರಿ ಎಂದು ಮನೆಯಲ್ಲಿ ಹೇಳಿ.

ಜುಲೈಯಲ್ಲೂ ಮಧ್ಯರಾತ್ರಿ ಚಳಿ ಹಿಡಿಯುತ್ತದೆ, ಉಣ್ಣೆಯ ಅಂಗಿ ಬ್ಯಾಗಿನಲ್ಲಿರಲಿ. ಸೊಳ್ಳೆಗೆ ಹಚ್ಚುವ ಡೀಟ್ ಇರುವ ಔಷಧ ಫ್ಲೈ ಲೈನಿನ ಪ್ಲಾಸ್ಟಿಕ್ ಮೈಯನ್ನು ಕರಗಿಸುತ್ತದೆ. ಅಂಗೈಗೆ ತಾಗದಂತೆ ಹಚ್ಚಿಕೊಳ್ಳಿ. ರಾತ್ರಿ ಒಂದು ಗಂಟೆಗೆ ವಾಪಸು ಹೊರಟಾಗ ರಸ್ತೆಗೆ ಜಿಂಕೆ ನುಗ್ಗುತ್ತದೆ. ಹೊಳೆಗಿಂತ ಈ ಡ್ರೈವಿಂಗೇ ಹೆಚ್ಚು ಅಪಾಯದ್ದು. ನಿದ್ದೆ ಬರುತ್ತಿದ್ದರೆ ಗ್ರೇಲಿಂಗ್‌ನಲ್ಲೇ ತಂಗಿ.

ಬಿಸಿಲು ಜಾಸ್ತಿಯಾದ ವಾರ ಹೋಗಬಹುದೇ?

ಥರ್ಮಾಮೀಟರ್ ಹಾಕಿ ನೋಡಿ. ನೀರು 20 ಡಿಗ್ರಿ ಸೆಲ್ಸಿಯಸ್ ಮುಟ್ಟಿದ್ದರೆ ಗಾಳ ಹಾಕಬೇಡಿ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಎಳೆದಾಡಿ ಸುಸ್ತಾದ ಟ್ರೌಟ್ ಈಜಿಕೊಂಡು ಹೋದಂತೆ ಕಂಡರೂ ಆಮೇಲೆ ಸಾಯಬಹುದು. ರಾತ್ರಿಯಾದ ಮಾತ್ರಕ್ಕೆ ನೀರು ತಣ್ಣಗಾಯಿತು ಎಂದುಕೊಳ್ಳಬೇಡಿ. ಹೊಳೆ ಅತಿ ಬಿಸಿಯಾಗಿರುವುದು ಸಂಜೆಗೆ, ಅತಿ ತಣ್ಣಗಿರುವುದು ಬೆಳಗಿನ ಜಾವಕ್ಕೆ. ಸೆಖೆಯ ವಾರದಲ್ಲಿ ಇಲಿ ಫ್ಲೈಯನ್ನು ಮಧ್ಯರಾತ್ರಿಯ ನಂತರ ಶುರುಮಾಡುವುದು ಇದಕ್ಕೇ.

ಸಿಕ್ಕ ಮೀನನ್ನು ಬಿಡುವುದು ಹೇಗೆ?

ಬೇಗ ಎಳೆದು ತನ್ನಿ. ರಾಡನ್ನು ಪಕ್ಕಕ್ಕೆ ಬಾಗಿಸಿ ಮರದ ಬೇರಿನಿಂದ ದೂರ ತಿರುಗಿಸಿ. ರಬ್ಬರ್ ಹೆಣಿಗೆಯ ದೊಡ್ಡ ಬಲೆ ಇರಲಿ. ಮೀನು ಬಲೆಯೊಳಗೆ, ಬಲೆ ನೀರೊಳಗೆ ಇರುವಾಗಲೇ ಗಾಳ ತೆಗೆಯಿರಿ. ಕೈ ಒದ್ದೆ ಮಾಡಿಕೊಂಡೇ ಮುಟ್ಟಿ. ತಲೆ ಹರಿವಿಗೆ ಎದುರಾಗಿ ಹಿಡಿದುಕೊಳ್ಳಿ. ಅದೇ ಬಾಲ ಬೀಸಿ ಹೋಗುವವರೆಗೆ ಬಿಡಬೇಡಿ. ಫೋಟೋ ಬೇಕೆಂದರೆ ಒಂದೇ, ಅದೂ ಎಲ್ಲ ಸಿದ್ಧವಾದ ಮೇಲೆ ನೀರಿನಿಂದ ಎರಡು ಕ್ಷಣ ಎತ್ತಿ.

ಕಾನೂನು ಏನು ಹೇಳುತ್ತದೆ?

17 ವರ್ಷ ತುಂಬಿದವರಿಗೆ ಮಿಶಿಗನ್ ಮೀನುಗಾರಿಕೆ ಲೈಸೆನ್ಸ್ ಬೇಕು. ಬರ್ಟನ್ಸ್ ಲ್ಯಾಂಡಿಂಗ್‌ನಿಂದ ವೇಕ್ಲಿ ಸೇತುವೆವರೆಗಿನ 8.7 ಮೈಲಿಗೆ ‘ಹೋಲಿ ವಾಟರ್’ ಎಂದೇ ಹೆಸರು. ಅಲ್ಲಿ ಫ್ಲೈ ಮಾತ್ರ, ಸಿಕ್ಕ ಟ್ರೌಟನ್ನೆಲ್ಲ ಬಿಡಲೇಬೇಕು. ದಕ್ಷಿಣ ಶಾಖೆಯ ಮೇಸನ್ ಟ್ರ್ಯಾಕ್ಟ್ ಕೂಡ ರಾತ್ರಿಯವರಿಗೆ ಇಷ್ಟದ ಜಾಗ. ಡೆಟ್ರಾಯಿಟ್‌ನ ಕಾರು ಉದ್ಯಮಿ ಜಾರ್ಜ್ ಮೇಸನ್ 1954ರಲ್ಲಿ ತೀರಿಕೊಂಡಾಗ ಉಯಿಲಿನಲ್ಲಿ ರಾಜ್ಯಕ್ಕೆ ಬಿಟ್ಟುಹೋದ ಕಾಡು ಅದು. ಬೇರೆ ತುಣುಕುಗಳಿಗೆ ಬೇರೆ ನಿಯಮಗಳಿವೆ, ಆ ವರ್ಷದ ನಿಯಮಪುಸ್ತಕ ನೋಡಿಯೇ ಹೊರಡಿ. ಇಲ್ಲಿನ ಅಭ್ಯಾಸವನ್ನು ಬೇರೆಡೆಗೆ ಹೊತ್ತೊಯ್ಯಬೇಡಿ: ಉದಾಹರಣೆಗೆ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಸೂರ್ಯ ಮುಳುಗಿದ ಮೇಲೆ ಗಾಳ ಹಾಕುವಂತಿಲ್ಲ.

ನಾನು ಹೋದಾಗ ಅಲ್ಲಿ ಬೇರೆಯವರು ನಿಂತಿದ್ದರೆ?

ಮೊದಲು ಬಂದವರದ್ದು ಜಾಗ. ಹೆಕ್ಸ್ ವಾರಗಳಲ್ಲಿ ಒಳ್ಳೆಯ ತಿರುವುಗಳು ಸಂಜೆಗೇ ತುಂಬುತ್ತವೆ. ದಡದಿಂದಲೇ ಮೆಲುದನಿಯಲ್ಲಿ ಕೇಳಿ, ಅವರು ಎಲ್ಲಿಯವರೆಗೆ ಹೋಗುತ್ತಾರೋ ತಿಳಿದುಕೊಂಡು ಮುಂದಿನ ತಿರುವಿಗೆ ನಡೆಯಿರಿ. ಕತ್ತಲಲ್ಲಿ ಉದ್ದ ದೋಣಿಗಳು ಸದ್ದಿಲ್ಲದೆ ಬರುತ್ತವೆ. ನೀವಿರುವುದು ಗೊತ್ತಾಗಲು ಒಮ್ಮೆ ಮಾತಾಡಿಸಿ, ಅವರು ನಿಮ್ಮ ಬೆನ್ನ ಹಿಂದಿನಿಂದ ಹಾದುಹೋಗುತ್ತಾರೆ.

ಕರ್ನಾಟಕದಲ್ಲಿ ಇದನ್ನು ಮಾಡಬಹುದೇ?

ಇಲ್ಲ. ನಮ್ಮ ನದಿಗಳು ಟ್ರೌಟ್‌ಗೆ ತೀರ ಬಿಸಿ. ಹತ್ತಿರದಲ್ಲೆಂದರೆ ನೀಲಗಿರಿಯ ಎತ್ತರದ ಹೊಳೆಗಳಲ್ಲಿ ಬ್ರಿಟಿಷರ ಕಾಲದಲ್ಲಿ ತಂದು ಬಿಟ್ಟ ರೇನ್‌ಬೋ ಟ್ರೌಟ್ ಇದೆ. ಆದರೆ ಅದು ಅರಣ್ಯ ಇಲಾಖೆಯ ನಿಯಮಗಳಿರುವ, ಕಾಡುಪ್ರಾಣಿಗಳು ಓಡಾಡುವ ನಾಡು. ರಾತ್ರಿ ಹೊಳೆಯಲ್ಲಿ ನಿಲ್ಲುವ ಮಾತೇ ಬೇಡ.

ಮನೆಗೆ ಬಂದ ಮೇಲೆ ಸಾಮಾನುಗಳನ್ನು ಏನು ಮಾಡಬೇಕು?

ನ್ಯೂಜಿಲೆಂಡ್ ಮಡ್‌ಸ್ನೇಲ್ ಎಂಬ ಸಾಸಿವೆಗಿಂತ ತುಸು ದೊಡ್ಡ ಬಸವನಹುಳು ಔ ಸಾಬಲ್‌ನಲ್ಲಿ 2016ರಲ್ಲಿ ಪತ್ತೆಯಾಗಿದೆ. ಒಂದೇ ಒಂದು ಹುಳು ಸಾಕು, ಜೊತೆಯಿಲ್ಲದೆಯೇ ಮರಿ ಹಾಕಿ ಹೊಸ ಹೊಳೆಯನ್ನು ತುಂಬಿಬಿಡುತ್ತದೆ. ಅದು ಬೂಟಿನ ಲೇಸು, ಅಟ್ಟೆಯ ಸಂದು, ಬಲೆಯ ಹೆಣಿಗೆಯಲ್ಲಿ ಕೂತು ಬರುತ್ತದೆ. ಹೊಳೆಯ ದಡದಲ್ಲೇ ಬ್ರಷ್‌ನಿಂದ ಕೆಸರು ಉಜ್ಜಿ ತೆಗೆಯಿರಿ. ಮನೆಯಲ್ಲಿ ಬೂಟುಗಳನ್ನು ಒಂದು ರಾತ್ರಿ ಫ್ರೀಜರ್‌ನಲ್ಲಿಡಿ, ಇಲ್ಲವೇ ಐದು ದಿನ ಪೂರ್ತಿ ಒಣಗಿಸಿ. ಮರುದಿನವೇ ಇನ್ನೊಂದು ಹೊಳೆಗೆ ಹೋಗುವುದಿದ್ದರೆ ಬೇರೆ ಜೊತೆ ಬೂಟು ಹಾಕಿಕೊಳ್ಳಿ.